ಲಾಭಕ್ಕಿಂತ ಮೊದಲಿನ ಗೆರೆ

ಅಜ್ಜಂಪುರದ ನಮ್ಮ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಎಣ್ಣೆ ತೀರಿದರೆ ‘ಎಣ್ಣೆ ತುಂಬಿದೆ’ ಎನ್ನಬೇಕು. ಅಕ್ಕಿ ಖಾಲಿಯಾದರೆ ‘ಅಕ್ಕಿ ಹೆಚ್ಚಿದೆ’ ಎನ್ನಬೇಕು. ಬಳೆ ಒಡೆದರೆ ಅದೂ ಹೆಚ್ಚಿದ್ದೇ. ಮಲಗುವ ಮುಂಚೆ ದೀಪವನ್ನು ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಪೇಟೆ ಬೀದಿಯ ಕಿರಾಣಿ ಅಂಗಡಿಗೆ ಹೊರಟ ಅಪ್ಪ ಅಪ್ಪಿತಪ್ಪಿ ‘ಹೋಗ್ತೀನಿ’ ಎಂದರೆ ಅಜ್ಜಿ ಹೊಸಿಲಿನಿಂದಲೇ ವಾಪಸು ಕರೆದು, ಒಂದು ಗುಟುಕು ನೀರು ಕುಡಿಸಿ, ‘ಬತ್ತೀನಿ’ ಎಂದು ಹೇಳಿಸಿ ಕಳಿಸುತ್ತಿದ್ದಳು. ಮೀಸೆ ಬಂದ ಮಗ, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ವರ್ತಕ, ತುಟಿ ಪಿಟ್ಟೆನ್ನದೆ ನೀರು ಕುಡಿದು ಹೋಗುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಉಪ್ಪಿನ ಮಡಕೆಯಲ್ಲಿ ಕೈಯಾಡಿಸಿ ‘ಅಜ್ಜೀ, ಉಪ್ಪಿಲ್ಲ’ ಎಂದು ಕೂಗಿದ್ದಕ್ಕೆ ಅಜ್ಜಿ ತಲೆಯ ಮೇಲೊಂದು ಮೊಟಕಿ ‘ಹೆಚ್ಚಿದೆ ಅನ್ನು’ ಎಂದಳು. ನಾನು ‘ಉಪ್ಪು ಹೆಚ್ಚಿದೆ’ ಎಂದು ಮನೆಗೆಲ್ಲ ಕೇಳುವ ಹಾಗೆ ಕೂಗಿದೆ. ಒಲೆಯ ಮುಂದಿದ್ದ ನಮ್ಮವ್ವ ಹುರುಳಿ ಕಟ್ಟಿನ ಸಾರಿಗೆ ಒಂದು ಚೆಂಬು ನೀರು ಸುರಿದುಬಿಟ್ಟಳು. ಅಂಥ ಮನೆ ಅದು. ಇದ್ದದ್ದು ಇದೆಯೋ ಇಲ್ಲವೋ ಎಂಬ ಗೊಂದಲ ನನಗೆ ಹಾಲಿನ ಜೊತೆಯಲ್ಲೇ ಹೊಟ್ಟೆಗೆ ಹೋಗಿದೆ.

ಎಣಿಕೆಯ ವಿಷಯದಲ್ಲಂತೂ ಅಜ್ಜಿಯದು ಇನ್ನೂ ಕಟ್ಟುನಿಟ್ಟು. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಒಂಟಿ ಮಾತಿನಿಂದ ಶುರು ಮಾಡಿದರೆ ಕಾಳು ಒಂಟಿಯಾಗಿಯೇ ಉಳಿಯುತ್ತದೆ ಎಂಬ ಅಂಜಿಕೆ. ಉಳಿದವರು ಈ ಮಾತನ್ನು ಕಣದಲ್ಲೇ ಬಿಟ್ಟು ಬರುತ್ತಿದ್ದರು. ನಮ್ಮಜ್ಜಿ ಅದನ್ನು ಮನೆಯೊಳಕ್ಕೂ ಹೊತ್ತು ತಂದಿದ್ದಳು. ರೊಟ್ಟಿ ಎಣಿಸಿದರೂ ಲಾಭ, ರಂಗೋಲಿಯ ಚುಕ್ಕಿ ಇಟ್ಟರೂ ಲಾಭ, ಮಠದ ಅಯ್ಯನವರು ಊಟಕ್ಕೆ ಬಂದಾಗ ಎಲೆ ಹಾಕಿದರೂ ಲಾಭ. ನಾನು ಸ್ಕೂಲಿಗೆ ಸೇರಿದ ದಿನ ಕಡ್ಡಿ ಎಣಿಸು ಎಂದರೆ ‘ಲಾಭ’ ಎಂದು ಶುರುಮಾಡಿ ಇಡೀ ತರಗತಿಯನ್ನು ನಗಿಸಿದ್ದೆ. ಇನ್ನು ಸೊನ್ನೆ ಎಂಬ ಶಬ್ದಕ್ಕೆ ನಮ್ಮ ಹೊಸಿಲೊಳಗೆ ಜಾಗವೇ ಇರಲಿಲ್ಲ. ಸ್ಲೇಟಿನ ಮೇಲೆ ಮೊದಲ ಗುರುತಾಗಿ ಸೊನ್ನೆ ಬರೆಯಬಾರದು. ಬರೆದರೆ ಅಳಿಸಿ, ಮೂಲೆಯಲ್ಲಿ ‘ಶ್ರೀ’ ಎಂದೋ ‘ಲಾಭ’ ಎಂದೋ ಬರೆದು, ಆಮೇಲೆ ಮುಂದುವರಿಯಬೇಕು.

ನೀಲತ್ತೆ ಈ ಮನೆಯಲ್ಲೇ ಹುಟ್ಟಿ ಬೆಳೆದವಳು, ಅಪ್ಪನ ತಂಗಿ. ತರೀಕೆರೆಯ ಕಡೆಗೆ ಕೊಟ್ಟಿದ್ದರು. ಸಂಸಾರ ಹೂಡಿದ ಎರಡನೇ ಮಳೆಗಾಲಕ್ಕೆ ಗಂಡ ಜ್ವರದಲ್ಲಿ ಹೋದ, ಅತ್ತೆ ತವರಿಗೆ ಬಂದಳು. ಬಂದವಳು ಅಡಿಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಟ್ರಂಕು ಇಟ್ಟುಕೊಂಡು ಉಳಿದಳು. ಅಜ್ಜಿ ಅವಳನ್ನು ಬೈಯಲಿಲ್ಲ, ಮೂಲೆಗೂ ತಳ್ಳಲಿಲ್ಲ. ಆದರೆ ಬೀದಿಯವರು ಬಂದು ‘ನಿಮ್ಮನೇಲಿ ಎಷ್ಟು ಜನ?’ ಎಂದರೆ ಅಜ್ಜಿ ಎಣಿಸುವಾಗ ಅತ್ತೆ ಯಾವಾಗಲೂ ತಪ್ಪಿಹೋಗುತ್ತಿದ್ದಳು. ಅಪ್ಪ, ಅವ್ವ, ಮಕ್ಕಳು, ತಾನು. ಅಷ್ಟೇ. ಬೇಕೆಂದೇ ಬಿಡುತ್ತಿದ್ದಳೋ, ಕೊಟ್ಟ ಹೆಣ್ಣು ಬೇರೆ ಮನೆಯ ಎಣಿಕೆಗೆ ಸೇರಿದವಳು ಎಂದು ನಾಲಿಗೆ ತಾನಾಗಿಯೇ ದಾಟಿಬಿಡುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು. ಅತ್ತೆ ಒಳಗಿನಿಂದ ಕೇಳಿಸಿಕೊಂಡು ಸುಮ್ಮನೆ ರೊಟ್ಟಿ ತಟ್ಟುತ್ತಿದ್ದಳು.

ಗಂಡ ಸತ್ತವಳಿಗೆ ನಮ್ಮಲ್ಲಿ ಕೂಡಿಕೆ ಎಂಬುದಿತ್ತು. ವಾಲಗ ಚಪ್ಪರ ಇಲ್ಲದೆ, ಹೊಸ ಸೀರೆ ಉಡಿಸಿ, ನಾಲ್ಕು ಜನರೆದುರು ಇನ್ನೊಬ್ಬನ ಜೊತೆ ಕಳಿಸಿಕೊಡುವುದು. ಹಿರೇನಲ್ಲೂರಿನಿಂದ ಮಲ್ಲಪ್ಪನವರು ಎಂಬುವರು ಅತ್ತೆಯನ್ನು ಹಾಗೆ ಕೇಳಿದ್ದರು. ಹೆಂಡತಿ ಸತ್ತವರು, ಮೂರು ಮಕ್ಕಳ ತಂದೆ, ತೆಂಗಿನ ತೋಟವಿತ್ತು. ಸಂತೆಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕುಳಿತು ನನಗೆ ಕೊಬ್ಬರಿ ಮಿಠಾಯಿ ಕೊಟ್ಟು ಒಗಟು ಕೇಳುತ್ತಿದ್ದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವರು ಒಳ್ಳೆಯವರು. ಇತ್ತ ನಮ್ಮೂರ ಶಾಲೆಯ ಮೇಷ್ಟ್ರೊಬ್ಬರು ಅಪ್ಪನ ತಲೆಯಲ್ಲಿ ಬೇರೆಯೇ ಹುಳ ಬಿಟ್ಟಿದ್ದರು. ಹೆಣ್ಣುಮಕ್ಕಳ ಶಾಲೆಗಳಿಗೆ ಕಲಿಸುವ ಹೆಂಗಸರು ಸಿಗುತ್ತಿಲ್ಲ, ತರೀಕೆರೆಯಲ್ಲಿ ನಡೆಯುವ ಪರೀಕ್ಷೆ ಪಾಸಾದರೆ ಸರ್ಕಾರವೇ ಕೆಲಸ ಕೊಡುತ್ತದೆ, ನೀಲಮ್ಮ ಮೊದಲೇ ಓದಿದವಳು ಎಂದು. ಅಪ್ಪ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ಒಂದು ದಿನ ಊಟಕ್ಕೆ ಕುಳಿತಾಗ ತೀರ್ಮಾನ ಹೇಳಿದ.

“ಪರೀಕ್ಷೆ ಕಟ್ಲಿ. ಪಾಸಾದ್ರೆ ಮೇಡಮ್ಮು. ಫೇಲಾದ್ರೆ ಹಿರೇನಲ್ಲೂರು. ಆಮೇಲೆ ಯಾರೂ ತಕರಾರು ತೆಗೀಬಾರ್ದು.”

“ಅವಳನ್ನ ಕೇಳಿದ್ಯೇನೋ?” ಎಂದಳು ಅಜ್ಜಿ.

“ಏನಮ್ಮಾ ನೀಲಾ?” ಎಂದು ಅಪ್ಪ ಒಳಗೆ ಕೂಗಿದ.

ಒಳಗಿನಿಂದ ‘ಆಗ್ಲಿ ಅಣ್ಣ’ ಎಂದು ಬಂತು. ಯಾವುದು ಆಗಲಿ ಎಂದು ಅವಳೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಆ ರಾತ್ರಿ ಪಕ್ಕದಲ್ಲಿ ಮಲಗಿದಾಗ ನಾನೇ ಕೇಳಿದೆ, ನಿನಗೆ ಏನು ಬೇಕತ್ತೆ ಎಂದು. ‘ಗೊತ್ತಿಲ್ಲ ಕಣೇ ಗಂಗೀ, ಮೊದ್ಲು ಪಾಸಾಗಿ ಬಿಡ್ತೀನಿ, ಆಮೇಲೆ ಗೊತ್ತಾಗುತ್ತೆ’ ಎಂದಳು.

ಮೇಷ್ಟ್ರು ಸಂಜೆ ಹೊತ್ತು ಬರುತ್ತಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಅವರು, ನಡುಮನೆಯ ಬಾಗಿಲಲ್ಲಿ ಅತ್ತೆ, ನಡುವೆ ಸ್ಲೇಟು ಹಿಡಿದುಕೊಂಡು ನಾನು. ಮೇಷ್ಟ್ರು ಬರೆದದ್ದನ್ನು ಅತ್ತೆಗೆ ದಾಟಿಸುವುದು, ಅತ್ತೆ ಬರೆದದ್ದನ್ನು ಮೇಷ್ಟ್ರಿಗೆ ದಾಟಿಸುವುದು ನನ್ನ ಕೆಲಸ. ಭಾಗಾಕಾರ, ತ್ರೈರಾಶಿ, ತ್ರಿಕೋನ ಎಲ್ಲವನ್ನೂ ಅತ್ತೆ ಮಜ್ಜಿಗೆ ಕುಡಿದಷ್ಟು ಸುಲಭವಾಗಿ ಮಾಡಿದಳು. ಆಮೇಲೆ ಗ್ರಾಫ್ ಎಂಬುದು ಬಂತು ನೋಡಿ, ಅದು ಕಬ್ಬಿಣದ ಕಡಲೆಯಾಯಿತು. ಚೌಕುಳಿ ಹಾಕಿದ ಕಾಗದವನ್ನು ಮೇಷ್ಟ್ರು ಬೀರೂರಿನಿಂದ ತರಿಸಬೇಕಿತ್ತು. ಅದು ಕೈಗೆ ಸಿಗುವುದೇ ಅಪರೂಪ, ಆದ್ದರಿಂದ ಪರೀಕ್ಷೆಗೆಂದು ಎತ್ತಿಟ್ಟು, ಅತ್ತೆ ಸಗಣಿ ಸಾರಿಸಿದ ನಡುಮನೆಯ ನೆಲದ ಮೇಲೆ ರಂಗೋಲಿ ಚುಕ್ಕಿ ಇಟ್ಟು ಅಭ್ಯಾಸ ಮಾಡತೊಡಗಿದಳು. ಅಡ್ಡಕ್ಕೆ ಒಂದು ಗೆರೆ, ಅದು ಎಕ್ಸ್. ನಿಂತದ್ದು ಒಂದು ಗೆರೆ, ಅದು ವೈ. ಎರಡೂ ಕೂಡುವ ಮೂಲೆಯಲ್ಲಿ ಮಂಗಳಕ್ಕೆ ಒಂದು ಚಿಟಿಕೆ ಅರಿಸಿನ.

ಲೆಕ್ಕ ಹೀಗಿರುತ್ತಿತ್ತು. ಎಕ್ಸನ್ನು ಎರಡರಿಂದ ಗುಣಿಸಿ ಮೂರು ಕೂಡಿಸಿದರೆ ವೈ. ಎಕ್ಸ್ ಒಂದಾದರೆ ವೈ ಐದು, ಎಕ್ಸ್ ಎರಡಾದರೆ ಏಳು, ಮೂರಾದರೆ ಒಂಬತ್ತು. ಆಯಾ ಜಾಗದಲ್ಲಿ ಚುಕ್ಕಿ ಇಟ್ಟು ಕೂಡಿಸಿದರೆ ಬಾಣದಷ್ಟು ನೆಟ್ಟಗಿನ ಗೆರೆ. ಆ ಗೆರೆ ನಿಂತ ಗೆರೆಯನ್ನು ಎಲ್ಲಿ ಮುಟ್ಟುತ್ತದೆ, ಅದೇ ವೈ ಇಂಟರ್ಸೆಪ್ಟ್, ಅದನ್ನು ಹೇಳಬೇಕು. ಅತ್ತೆ ಐದು ಎಂದಳು. ಮೇಷ್ಟ್ರು ಮೂರು ಎಂದರು. ಮತ್ತೊಂದು ಕೊಟ್ಟರು. ಎಕ್ಸಿನ ಮೂರರಷ್ಟಕ್ಕೆ ಒಂದು ಕೂಡಿಸು. ಅತ್ತೆ ನಾಲ್ಕು ಎಂದಳು, ಮೇಷ್ಟ್ರು ಒಂದು ಎಂದರು. ನಾನು ಬಾಗಿಲಿಗೂ ಕಂಬಕ್ಕೂ ಓಡಾಡಿ ಸೋತೆ.

“ಎಕ್ಸ್ ಇರೋ ಕಡೆ ಸೊನ್ನೆ ಹಾಕಮ್ಮ. ಎರಡು ಸೊನ್ನೆ ಅಂದ್ರೆ ಸೊನ್ನೆ, ಕೂಡಿಸು ಮೂರು. ಎಷ್ಟಾಯ್ತು?”

“ಮೂರು, ಮೇಷ್ಟ್ರೇ.”

“ಮತ್ತೆ ನೆಲದ ಮೇಲೆ?”

ಅತ್ತೆ ಬಾಗಿ ನೋಡಿ, ಬಹಳ ಸಂಕೋಚದಿಂದ, “ಐದು, ಮೇಷ್ಟ್ರೇ” ಎಂದಳು.

ಹೀಗೆ ಬಾಯಿಲೆಕ್ಕದಲ್ಲಿ ಮೂರು, ನೆಲದ ಮೇಲೆ ಐದು. ಎರಡನ್ನೂ ಅವಳೇ ಮಾಡಿದ್ದು, ಎರಡರಲ್ಲೂ ಕೂಡಿಸಿದ್ದು ಸರಿ, ಗುಣಿಸಿದ್ದು ಸರಿ. ಪರೀಕ್ಷೆಯಲ್ಲಿ ಗ್ರಾಫ್ ಹಾಕಿ ತೋರಿಸಲೇಬೇಕು, ಬರೀ ಉತ್ತರ ಬರೆದರೆ ನಡೆಯುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಈ ಒಂದು ಗೆರೆಯ ಮೇಲೆ ಅತ್ತೆ ಹಿರೇನಲ್ಲೂರಿಗೆ ಹೋಗಿಬಿಡುತ್ತಾಳೆ ಎಂದು ನನಗೆ ಗಾಬರಿ. ಹೋದರೆ ಕೊಬ್ಬರಿ ಮಿಠಾಯಿ ಸಿಗುತ್ತದೆ ಎಂದು ನಡುವೆ ಆಸೆ. ಆಸೆಯಾದದ್ದಕ್ಕೆ ನಾಚಿಕೆ. ದೇವರ ಮನೆಯಲ್ಲಿ ಕೈಮುಗಿದು ನಿಂತರೆ ಏನು ಬೇಡಬೇಕೆಂದೇ ತೋಚದೆ ‘ಎಲ್ಲಾ ಆಗ್ಲಿ’ ಎಂದು ಬೇಡಿ ಬರುತ್ತಿದ್ದೆ.

ಅಜ್ಜಿಗೆ ಬೇರೆಯೇ ತಕರಾರು. ಅವಳು ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ನಡುಮನೆಗೆ ಬಂದರೆ ದಾಟಲು ಜಾಗವಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಲವನ್ನು ಪರೀಕ್ಷೆ ಮಾಡುವಳು.

“ಈ ಗೆರೆ ಎಲ್ಲಿಗೆ ಹೋಗುತ್ತೇ?”

“ಹಿಂಗೇ ಮೇಲಕ್ಕೆ ಹೋಗ್ತಾ ಇರುತ್ತವ್ವ.”

“ವಾಪಸ್ ಬರಲ್ವಾ?”

“ಬರಲ್ಲ.”

“ತಿರುಗಿ ಬಂದು ಕೂಡದೇ ಇರೋ ಗೆರೆ ರಂಗೋಲಿ ಏನೇ? ಯಾರ ಮನೇಲಾದ್ರೂ ಹಾಕ್ತಾರೇನೇ? ಲಕ್ಷ್ಮಿ ಅದನ್ನೇ ಹಿಡ್ಕೊಂಡು ಹೊರಗ್ಹೋಗ್ಬಿಟ್ರೆ?”

ಹಾಗೆಂದು ಕಾಲಿನಿಂದ ಅಳಿಸುತ್ತಲೂ ಇರಲಿಲ್ಲ, ಮಗಳು ಕಷ್ಟಪಟ್ಟು ಇಟ್ಟದ್ದು. ಗೆರೆಯ ತುದಿಯಲ್ಲಿ ತಾನೇ ಕುಕ್ಕರಗಾಲಿನಲ್ಲಿ ಕುಳಿತು ಒಂದು ಸಣ್ಣ ಸುರುಳಿ ಸುತ್ತಿ, ಲಕ್ಷ್ಮಿಯನ್ನು ಅಲ್ಲಿಯೇ ನಿಲ್ಲಿಸಿ ಹೋಗುವಳು. ಸಂಜೆ ಮೇಷ್ಟ್ರು ಬಾಗಿಲಿಂದ ಇಣುಕಿ, ಗೆರೆಯ ತುದಿಯ ಸುರುಳಿ ನೋಡಿ, ಇದು ಯಾವ ಸಮೀಕರಣ ಎಂದು ತಲೆ ಕೆರೆದುಕೊಂಡರು.

ಅತ್ತೆಯ ತಪ್ಪಿನ ಬೇರು ಸಿಕ್ಕಿದ್ದು ಮೇಷ್ಟ್ರು ಅವಳ ಚಿತ್ರವನ್ನು ನೋಡುವುದು ಬಿಟ್ಟು, ಚುಕ್ಕಿ ಇಡುವಾಗ ಅವಳ ಬಾಯಿಂದ ಬರುವುದನ್ನು ಕೇಳಿಸಿಕೊಂಡ ಸಂಜೆ. ಅತ್ತೆ ಮೂಲೆಯಿಂದ ಶುರುಮಾಡಿ, ನಿಂತ ಗೆರೆಯ ಮೇಲೆಯೇ ಬೆರಳಿಟ್ಟು ‘ಲಾಭ’ ಎಂದಳು. ಅದರ ಪಕ್ಕದ ಸಾಲಿಗೆ ‘ಎರಡು’. ಅದರ ಪಕ್ಕಕ್ಕೆ ‘ಮೂರು’. ಮೇಷ್ಟ್ರು ಎದ್ದೇ ನಿಂತರು.

“ನಿಲ್ಸಮ್ಮ! ಅದನ್ನ ಏನಂದೆ?”

“ಲಾಭ.”

“ಅಯ್ಯೋ ರಾಮ! ಅದು ಲಾಭ ಅಲ್ಲಮ್ಮ. ಲಾಭ ಅದರ ಪಕ್ಕದ್ದು. ಲಾಭಕ್ಕಿಂತ ಮೊದಲಿನ ಗೆರೆ ಅದು. ಅದು ಸೊನ್ನೆ!”

ಅಡಿಗೆಮನೆಯಲ್ಲಿ ಅಜ್ಜಿ ಕೆಮ್ಮಿದಳು. ಮೇಷ್ಟ್ರು ದನಿ ತಗ್ಗಿಸಿ ಮತ್ತೆ ವಿವರಿಸಿದರು. ವಿಷಯ ಇಷ್ಟೇ. ನಮ್ಮ ಮನೆಯ ಮಗಳು ಯಾವ ಎಣಿಕೆಯನ್ನೂ ಸೊನ್ನೆಯಿಂದ ಶುರುಮಾಡಿದವಳಲ್ಲ. ಕಣ್ಣಿಗೆ ಕಂಡ ಮೊದಲನೆಯದೇ ಅವಳಿಗೆ ಲಾಭ. ಆದ್ದರಿಂದ ಅವಳ ಗ್ರಾಫಿನಲ್ಲಿ ಎಕ್ಸ್ ಒಂದಾಗಿದ್ದಾಗ ಬರಬೇಕಾದ ವೈ, ನಿಂತ ಗೆರೆಯ ಮೇಲೆಯೇ ಬಂದು ಕೂರುತ್ತಿತ್ತು. ಹೀಗೆಂದು ಇವತ್ತು ನಾನು ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು, ಆದರೆ ತಿಳಿದ ಮೇಲೆ ಅವಳ ಮುಖ ಇನ್ನೂ ಸಣ್ಣದಾಯಿತು.

“ಒಂದು ಕೇಳ್ಲಾ ಮೇಷ್ಟ್ರೇ? ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ?”

“ಹೂಂ.”

“ಏನೂ ಇಲ್ಲದ ಜಾಗದಲ್ಲಿ ಈ ಗೆರೆ ಮೂರರ ಎತ್ತರದಲ್ಲಿ ಹೆಂಗಿದೆ? ಆ ಮೂರು ಎಲ್ಲಿಂದ ಬಂತು?”

ಮೇಷ್ಟ್ರು ರುಮಾಲು ತೆಗೆದು ಮತ್ತೆ ಇಟ್ಟುಕೊಂಡರು. “ಬರುತ್ತೆ ಕಣಮ್ಮ, ಅಷ್ಟೇ. ಇಂಟರ್ಸೆಪ್ಟ್ ಅಂದ್ರೆ ಅದೇ. ಪರೀಕ್ಷೇಲಿ ಯಾರೂ ಯಾಕೆ ಅಂತ ಕೇಳಲ್ಲ” ಎಂದು ಹೊರಟುಹೋದರು. ಅತ್ತೆಗೆ ಆ ಉತ್ತರ ಸಾಲಲಿಲ್ಲ. ನಂಬಿಕೆಯಿಲ್ಲದ ಗೆರೆಯನ್ನು ಎಳೆಯಲು ಅವಳಿಗೆ ಕೈ ಬರುತ್ತಿರಲಿಲ್ಲ. ಒಂದು ದಿನ ಸರಿಯಾಗಿ ಸೊನ್ನೆಯಿಂದ ಶುರುಮಾಡಿದರೆ ಮಾರನೆಯ ದಿನ ಕೈ ತಾನಾಗಿಯೇ ಲಾಭಕ್ಕೆ ಹೋಗುತ್ತಿತ್ತು. ಅಳಿಸುವಳು, ಮತ್ತೆ ಚುಕ್ಕಿ ಇಡುವಳು, ಮತ್ತೆ ಅಳಿಸುವಳು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಮುದ್ದೆ ಆರಿ ಕಲ್ಲಾಗುತ್ತಿತ್ತು. ನಮ್ಮವ್ವ ಒಮ್ಮೆ ಸಿಟ್ಟಿನಿಂದ ‘ಹೋಗ್ಲಿ ಬಿಡು ನೀಲಾ, ಹಿರೇನಲ್ಲೂರಲ್ಲಿ ಗ್ರಾಫ್ ಹಾಕ್ಬೇಕಾಗಿಲ್ಲ’ ಎಂದಳು. ಅತ್ತೆ ಅಂದು ಮೊದಲ ಬಾರಿ ನಮ್ಮೆದುರಿಗೆ ಅತ್ತಳು.

ಸುಗ್ಗಿ ಬಂತು. ಕಣದಿಂದ ರಾಗಿ ಬಂದ ದಿನ ಮನೆಯವರೆಲ್ಲ ಉಗ್ರಾಣದಲ್ಲಿ ಸೇರಬೇಕು. ಉಗ್ರಾಣ ನಡುಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆ, ಹಗಲಿನಲ್ಲೂ ದೀಪ ಬೇಕು. ಅಲ್ಲಿ ಆಳೆತ್ತರದ ಮಣ್ಣಿನ ವಾಡೆ, ಕಾಳು ತುಂಬುವುದಕ್ಕೆ. ಅಜ್ಜಿ ವಾಡೆಗೆ ಕುಂಕುಮವಿಟ್ಟು ಅಡ್ಡಬಿದ್ದಳು. ಸುರಿಯುವ ಮುಂಚೆ ಒಳಗೆ ಇಲಿ ಗಿಲಿ ಇದೆಯೇನೋ ನೋಡು ಎಂದು ಅತ್ತೆಯನ್ನು ಏಣಿ ಹತ್ತಿಸಿ ಕೈಗೆ ದೀಪ ಕೊಟ್ಟಳು. ಅತ್ತೆ ಬಗ್ಗಿ ನೋಡಿದಳು. ನೋಡಿಯೇ ನೋಡಿದಳು. ಕೆಳಗೆ ಕುಕ್ಕೆ ಹೊತ್ತುಕೊಂಡು ನಿಂತಿದ್ದ ಅಪ್ಪನಿಗೆ ಕತ್ತು ನೋಯತೊಡಗಿತು.

“ಏನೇ ಅದು, ಹಾವಾ?”

“ಅಲ್ಲಣ್ಣ. ರಾಗಿ. ಹಳೇ ರಾಗಿ.”

“ಇರ್ದೇ ಇನ್ನೇನು,” ಎಂದಳು ಅಜ್ಜಿ. “ವಾಡೆ ತಳ ಬರಿದು ಮಾಡ್ಬಾರ್ದು. ನಾನು ಈ ಮನೆಗೆ ಬಂದಾಗ ನಮ್ಮತ್ತೆ ಉಳ್ಸಿದ್ದು ಇತ್ತು. ಬರೋ ವರ್ಷ ಹೊಸದ್ರಲ್ಲಿ ಬೆರೆಯುತ್ತೆ, ಮತ್ತೆ ಉಳಿಯುತ್ತೆ. ಹಂಗೇ ನಡ್ಕೊಂಡ್ಬಂದಿದೆ.”

“ನಾವಿನ್ನೂ ಒಂದು ಕುಕ್ಕೇನೂ ಸುರಿದಿಲ್ಲ,” ಎಂದಳು ಅತ್ತೆ, ಯಾರಿಗೆ ಎಂದಿಲ್ಲದೆ. “ಸುರಿದಿದ್ದು ಸೊನ್ನೆ. ಆದ್ರೂ ಇದೆ. ಅವ್ವಾ, ಸೊನ್ನೇಲೂ ಇದೆ!”

ವಾಡೆ ತುಂಬುವ ಹೊತ್ತಿನಲ್ಲಿ, ಹೊಸ ರಾಗಿಯ ಎದುರಿಗೆ, ಎರಡು ಸಲ ಸೊನ್ನೆ. ಅಜ್ಜಿಯ ಮುಖ ಕಪ್ಪಿಟ್ಟಿತು. ಅತ್ತೆ ಏಣಿಯ ಮೇಲೆ ನಿಂತು ನಗುತ್ತಿದ್ದಳು, ಕಣ್ಣಲ್ಲಿ ನೀರು. ತಂಗಿಗೆ ಏನೋ ಆಗಿದೆ ಎನ್ನಿಸಿ ಅಪ್ಪ ಕುಕ್ಕೆ ಕೆಳಗಿಟ್ಟ. ಆ ದಿನ ಅಜ್ಜಿ ಊಟ ಮಾಡಲಿಲ್ಲ. ಮಾರನೆಯ ದಿನವೂ ಬರೀ ಹಾಲು ಕುಡಿದಳು. ಅತ್ತೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಟ್ಟೆಗಿಟ್ಟುಕೊಂಡು ಅವಳ ಮುಂದೆ ಕುಳಿತು, ನೆಲದ ಮೇಲೆ ಚುಕ್ಕಿ ಇಟ್ಟು ತೋರಿಸಿದಳು. ಇದು ಇನ್ನೂ ಸುರಿಯದೆ ಇದ್ದಾಗ. ಇದು ಲಾಭ. ಇದು ಎರಡು. ಈ ಮೂರರ ಎತ್ತರ ಮೊದಲೇ ಇದ್ದದ್ದು, ನಿಮ್ಮತ್ತೆ ಉಳಿಸಿದ್ದು.

“ಸೊನ್ನೆ ಅಂದ್ರೆ ಬರಿದಲ್ಲವ್ವ. ಶುರುವಿಗೆ ಮುಂಚೆ ಅಂತ. ಅವಾಗ್ಲೂ ಎಷ್ಟಿತ್ತು ಅಂತ ಹುಡುಕೋದೇ ಈ ಲೆಕ್ಕ.”

ಅಜ್ಜಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹುಡುಕೋಕೆ ಲೆಕ್ಕ ಯಾಕೇ? ಕೈ ಹಾಕಿದ್ರೆ ಸಿಗಲ್ವಾ?” ಎಂದು ರೊಟ್ಟಿ ಮುರಿದಳು.

ಅಜ್ಜಿಗೆ ಅರ್ಥವಾಯಿತೋ ಇಲ್ಲವೋ, ಉಪವಾಸ ಮುಗಿಯಿತು. ಅತ್ತೆ ಅಂದಿನಿಂದ ಒಂದು ಗೆರೆಯನ್ನೂ ತಪ್ಪು ಹಾಕಲಿಲ್ಲ. ಕಷ್ಟಕ್ಕೆ ಸಿಕ್ಕಿದವಳು ನಾನು. ಪ್ರತಿ ಲೆಕ್ಕದ ತಳದಲ್ಲೂ ಯಾರಾದರೂ ಏನಾದರೂ ಉಳಿಸಿಯೇ ಇರುತ್ತಾರೆ ಎಂದು ನಾನು ನಂಬಿಬಿಟ್ಟೆ. ಆಮೇಲೆ ಮೇಷ್ಟ್ರು ಬರೀ ಎಕ್ಸಿನ ಎರಡರಷ್ಟು ವೈ ಎಂದು ಕೊಟ್ಟರು. ಗೆರೆ ನೇರವಾಗಿ ಮೂಲೆಯಿಂದಲೇ ಎದ್ದಿತು. ತಳದಲ್ಲಿ ಏನೂ ಇಲ್ಲ. ಅದು ಯಾರ ಮನೆಯೋ, ಅಲ್ಲಿ ಎಂಥ ಅತ್ತೆಯಿದ್ದಳೋ ಎಂದು ನನಗೆ ಅಳು ಬಂತು. ಅಳುವುದು ಯಾಕೆಂದು ಮೇಷ್ಟ್ರಿಗೆ ಹೇಳಲೂ ಬರಲಿಲ್ಲ.

ಪರೀಕ್ಷೆಗೆ ಅಪ್ಪ, ಅತ್ತೆ, ಅತ್ತೆಗೆ ಹೆಣ್ಣುಜೊತೆ ಇರಲೆಂದು ನಾನು, ಮೂವರೂ ಹೊರಟೆವು. ಅಜ್ಜಂಪುರದಿಂದ ಬೀರೂರಿಗೆ ಒಂದು ರೈಲು, ಬೀರೂರಿನಲ್ಲಿ ಇಳಿದು ತರೀಕೆರೆಗೆ ಇನ್ನೊಂದು. ಬೀರೂರಿನ ಪ್ಲಾಟ್‌ಫಾರಂ ತುಂಬ ಕೆಮ್ಮಣ್ಣುಗುಂಡಿಯ ಗಣಿಗೆ ಕೂಲಿಗೆ ಹೊರಟವರ ಪಾತ್ರೆ, ಕಂಬಳಿ, ಮಕ್ಕಳು. ಅತ್ತೆ ಅವರ ನಡುವೆ ಟ್ರಂಕಿನ ಮೇಲೆ ಕುಳಿತು ಬಾಯಲ್ಲೇ ಏನೋ ಗೊಣಗುತ್ತಿದ್ದಳು. ತರೀಕೆರೆ ಅವಳ ಗಂಡನ ಕಡೆಯ ಸೀಮೆ. ಸ್ಟೇಷನ್ನಿನಲ್ಲಿ ಇಳಿದವಳು ಸೆರಗು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ನಡೆದಳು. ಪರೀಕ್ಷೆ ನಡೆಯುವ ಶಾಲೆಯ ಹೊರಗೆ ಹುಣಸೆ ಮರದ ಕೆಳಗೆ ಅಪ್ಪ ಮತ್ತು ನಾನು ಕುಳಿತೆವು. ಅಪ್ಪ ಬುತ್ತಿ ಬಿಚ್ಚಿದ, ತಿನ್ನಲಾಗದೆ ಮತ್ತೆ ಕಟ್ಟಿದ. ಅತ್ತೆ ಹೊರಗೆ ಬಂದಾಗ ಅವಳ ಬೆರಳೆಲ್ಲ ಮಸಿ.

“ಹೆಂಗಾಯ್ತೇ?”

“ಗೊತ್ತಿಲ್ಲಣ್ಣ. ಗ್ರಾಫ್ ಕೊಟ್ಟಿದ್ರು. ಎಕ್ಸಿನ ಮೂರರಷ್ಟರಲ್ಲಿ ನಾಲ್ಕು ಕಳೀಬೇಕು. ಗೆರೆ ನೆಲದ ಕೆಳಗಡೆ ಹೋಗ್ಬಿಡ್ತು.”

“ನೆಲದ ಕೆಳಗಾ?”

“ಸೊನ್ನೇಲಿ ನಾಲ್ಕು ಕಮ್ಮಿ ಬಂತು. ಮೇಷ್ಟ್ರು ಇಂಥದ್ದು ಹೇಳ್ಕೊಟ್ಟಿರಲಿಲ್ಲ. ಬಾಳ ಹೊತ್ತು ಕೂತಿದ್ದೆ. ಆಮೇಲೆ ಅಂದ್ಕೊಂಡೆ, ಶುರುವಿಗೆ ಮುಂಚೇನೇ ಕಳ್ಕೊಂಡಿರೋ ಮನೇನೂ ಇರುತ್ತಲ್ಲ ಅಂತ. ಹಂಗೇ ಬರ್ದೆ. ಕೆಳಕ್ಕೇ ಎಳ್ದೆ ಗೆರೆನ.”

ಅಪ್ಪ ‘ಸರಿ ಬಿಡು’ ಎಂದ. ಅವನಿಗೆ ಏನೂ ತಿಳಿದಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನನ್ನ ತಲೆಯೊಳಗೆ ನೆಲದ ಕೆಳಗಿನ ವಾಡೆಯೇ ಸುತ್ತುತ್ತಿತ್ತು. ಅಂಥ ವಾಡೆಗೆ ಎಷ್ಟು ಸುರಿದರೆ ನೆಲದ ಮಟ್ಟಕ್ಕೆ ಬರುತ್ತದೆ? ಸುರಿಯುವವರಿಗೆ ಮೊದಲ ಕುಕ್ಕೆಯೂ ಕಾಣುವುದಿಲ್ಲವಲ್ಲ, ಅವರು ಲಾಭ ಎಂದು ಎಲ್ಲಿ ಹೇಳಬೇಕು? ಅತ್ತೆಯನ್ನು ಕೇಳೋಣವೆಂದರೆ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅಷ್ಟು ಗಾಢವಾಗಿ ಅವಳು ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಫಲಿತಾಂಶ ತಿಳಿದುಕೊಳ್ಳಲು ಮೇಷ್ಟ್ರು ತಾವೇ ಕಡೂರಿನ ಕಛೇರಿಗೆ ಹೋಗಿದ್ದರು. ಬಂದವರು ಜಗಲಿ ಹತ್ತುವ ಮೊದಲೇ ‘ಪಾಸು, ಪಾಸು’ ಎಂದು ಕೂಗಿದರು. ಅಪ್ಪ ಅಂಗಡಿಯಿಂದ ಓಡಿಬಂದ. ನಮ್ಮವ್ವ ಅತ್ತೆಯ ಬಾಯಿಗೆ ಬೆಲ್ಲ ತುರುಕಿದಳು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸರ್ಕಾರ ಎಲ್ಲಿಗೆ ಹಾಕುತ್ತದಂತೆ ಎಂದು ಕೇಳಿದಳು. ಮೇಷ್ಟ್ರು ಅದನ್ನೂ ತಿಳಿದುಕೊಂಡೇ ಬಂದಿದ್ದರು. ಹೊಸದಾಗಿ ಹೆಣ್ಣುಮಕ್ಕಳ ಶಾಲೆ ತೆರೆಯುವ ಊರು. ಅಲ್ಲಿಗೆ ಹೋಗಲು ಬೇರೆ ಯಾರೂ ಒಪ್ಪಿರಲಿಲ್ಲವಂತೆ.

“ಹಿರೇನಲ್ಲೂರು” ಎಂದರು ಮೇಷ್ಟ್ರು.

ಅಪ್ಪ ಮೇಷ್ಟ್ರ ಮುಖ ನೋಡಿದ. ನಮ್ಮವ್ವನ ಕೈಯಲ್ಲಿದ್ದ ಬೆಲ್ಲ ಕೈಯಲ್ಲೇ ಉಳಿಯಿತು. ಅಜ್ಜಿಗೆ ಅಳಬೇಕೋ ನಗಬೇಕೋ ತೋಚದೆ ಸಿಟ್ಟು ಬಂತು.

“ಫೇಲಾದ್ರೂ ಹಿರೇನಲ್ಲೂರು, ಪಾಸಾದ್ರೂ ಹಿರೇನಲ್ಲೂರು! ಹಂಗಾದ್ರೆ ಇಷ್ಟು ದಿನ ನನ್ನ ನಡುಮನೆ ಕೆಡಿಸಿದ್ದು ಯಾಕ್ರೋ?”

ನನಗೂ ಅದೇ ಅನುಮಾನ. ಪರೀಕ್ಷೆಯೇ ಇಲ್ಲದೆ ಹೋಗಿದ್ದರೂ ಅತ್ತೆ ಆ ಊರಿಗೇ ಹೋಗುತ್ತಿದ್ದಳಲ್ಲ. ಟ್ರಂಕಿಗೆ ಸೀರೆ ಮಡಿಸಿ ಇಡುತ್ತಿದ್ದವಳನ್ನು ಕೇಳಿಯೇಬಿಟ್ಟೆ, ಎರಡೂ ಒಂದೇ ಆಯಿತಲ್ಲತ್ತೆ ಎಂದು. ಅವಳು ಸೀರೆಯನ್ನು ಮತ್ತೆ ಬಿಡಿಸಿ ಮತ್ತೆ ಮಡಿಸಿದಳು.

“ಊರು ಒಂದೇ ಕಣೇ. ಅವ್ರು ಕರ್ಕೊಂಡು ಹೋಗಿದ್ರೆ ನಾನು ಅಲ್ಲಿ ಶುರುವಾಗ್ತಿದ್ದೆ. ಈಗ ಮೊದ್ಲೇ ಇದ್ದವಳಾಗಿ ಹೋಗ್ತಿದೀನಿ,” ಎಂದಳು. ಸೀರೆಯನ್ನು ಟ್ರಂಕಿಗಿಟ್ಟು, “ನಂಗೂ ಪೂರ್ತಿ ಗೊತ್ತಿಲ್ಲ ಗಂಗೀ. ನೀನು ಕೇಳ್ಬೇಡ, ನಂಗೆ ಭಯ ಆಗುತ್ತೆ” ಎಂದಳು.

ಅವಳನ್ನು ಬಿಟ್ಟುಬರಲು ನಾನೂ ಅಪ್ಪನ ಜೊತೆ ಹೋದೆ. ಬೀರೂರಿನವರೆಗೆ ರೈಲು, ಅಲ್ಲಿಂದ ಬಂಡಿ. ದಾರಿಯುದ್ದಕ್ಕೂ ಕೊಯ್ದ ಹೊಲ, ಧೂಳು, ನಡುವೆ ಅಲ್ಲಲ್ಲಿ ತೆಂಗು. ಮಲ್ಲಪ್ಪನವರಿಗೆ ಮುಖ ತೋರಿಸುವುದು ಹೇಗೆಂದು ಅಪ್ಪ ಬಂಡಿಯಲ್ಲಿ ಬೆವರುತ್ತಿದ್ದ. ಊರ ಬಾಗಿಲಲ್ಲಿ ಮೊದಲು ಕಂಡವರೇ ಅವರು. ತೊಳೆದ ರುಮಾಲು ಸುತ್ತಿ, ಮೂರು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಮ್ಮ ಜಗಲಿಯಲ್ಲಿ ಅತ್ತೆಯನ್ನು ‘ನಿಮ್ಮ ಹುಡುಗಿ’ ಎನ್ನುತ್ತಿದ್ದವರು ಈಗ ಬಂಡಿಯ ಹತ್ತಿರ ಬಂದು, ಕೈಮುಗಿದು, ನೆಲ ನೋಡುತ್ತ ಮಾತಾಡಿದರು.

“ಬನ್ನಿ ಮೇಡಮ್ಮೋರೇ. ಇಸ್ಕೂಲು ಗುಡಿ ಪಕ್ಕದಲ್ಲಿದೆ, ಗುಡಿಸಿ ಇಟ್ಟಿದೀವಿ. ದೊಡ್ಡವೆರಡು ಗಂಡು. ಈ ಚಿಕ್ಕದೊಂದನ್ನ ನಿಮ್ಮ ಇಸ್ಕೂಲಿಗೆ ಸೇರಿಸ್ಕೊಳಿ.”

ಅತ್ತೆ ಇಳಿದಳು. ಚಿಕ್ಕದು ಐದಾರು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜುಟ್ಟು, ಉದ್ದವಾದ ಲಂಗ. ಅದು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿತು.

“ಅಪ್ಪಾ, ನಮ್ಮವ್ವ ಆಗ್ತಾರೆ ಅಂದಿದ್ದು ಇವ್ರೇನಾ?”

ಮಲ್ಲಪ್ಪನವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಮ್ಮಪ್ಪ ಎತ್ತುಗಳ ಕಡೆ ನೋಡತೊಡಗಿದ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅತ್ತೆ ಮಾತ್ರ ಧೂಳಿನಲ್ಲಿ ಆ ಮಗುವಿನ ಮಟ್ಟಕ್ಕೆ ಕುಕ್ಕರಿಸಿ ಕುಳಿತಳು.

“ಅಲ್ಲ ಕಣವ್ವಾ. ನಾನು ನಿಮ್ ಮೇಡಮ್ಮು.”

“ಹಂಗಂದ್ರೆ?”

“ನಾಳೆ ಬಾ, ಗೊತ್ತಾಗುತ್ತೆ.”

ಮಗುವಿಗೆ ಅದು ಒಪ್ಪಿಗೆಯಾಯಿತೋ ಇಲ್ಲವೋ, ಅತ್ತೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಮಲ್ಲಪ್ಪನವರು ‘ಬಿಡೇ, ಬಿಡೇ’ ಎಂದು ಎರಡು ಸಲ ಗದರಿದರು. ಅತ್ತೆ ಟ್ರಂಕನ್ನು ತಾನೇ ಎತ್ತಿಕೊಂಡು ಗುಡಿಯ ಕಡೆಗೆ ಹೊರಟಳು. ನಾನು ಹಿಂದಿನಿಂದ ನೋಡುತ್ತಲೇ ನಡೆದೆ. ಶಾಲೆಯ ಬಾಗಿಲು ಬರುವವರೆಗೂ ಆ ಹುಡುಗಿ ಸೆರಗು ಬಿಡಲಿಲ್ಲ, ಅತ್ತೆಯೂ ಬಿಡಿಸಿಕೊಳ್ಳಲಿಲ್ಲ.